ಸಿಐಸಿ-ಐಡಿಎಸ್ 2017 ಡೇಟಾಸೆಟ್ ವಿಮರ್ಶೆ: ಸಿಎಸ್‌ವಿ ಬಿಡಿ, ಪಿಕ್ಯಾಪ್ ಇಳಿಸಿಕೊಳ್ಳಿ

ನೆಟ್‌ವರ್ಕ್ ದಾಳಿ ಪತ್ತೆಹಚ್ಚುವ ಮಾಡೆಲ್ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಈ ಡೇಟಾಸೆಟ್‌ಗೇ. ಕಾಲೇಜಿನ ಫೈನಲ್ ಇಯರ್ ಪ್ರಾಜೆಕ್ಟ್‌ಗಳಲ್ಲೂ ಇದು, ಪ್ರಬಂಧಗಳಲ್ಲೂ ಇದು, ಕಂಪನಿಗಳ ಡೆಮೋಗಳಲ್ಲೂ ಇದೇ. ಕೆನಡಾದ ಯೂನಿವರ್ಸಿಟಿ ಆಫ್ ನ್ಯೂ ಬ್ರನ್ಸ್‌ವಿಕ್‌ನಲ್ಲಿರುವ ಕೆನಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಸೈಬರ್‌ಸೆಕ್ಯುರಿಟಿ ಇದನ್ನು ತಯಾರಿಸಿದೆ. 2017ರ ಜುಲೈ 3ರ ಸೋಮವಾರ ಬೆಳಿಗ್ಗೆ 9ರಿಂದ ಜುಲೈ 7ರ ಶುಕ್ರವಾರ ಸಂಜೆ 5ರವರೆಗೆ ಒಂದು ಪ್ರಯೋಗದ ಜಾಲದಲ್ಲಿ ಹರಿದ ಟ್ರಾಫಿಕ್ ಇದರಲ್ಲಿದೆ. ಸೋಮವಾರ ಬರೀ ಸಾಮಾನ್ಯ ಟ್ರಾಫಿಕ್. ಮಂಗಳವಾರದಿಂದ ಒಂದೊಂದು ದಿನ ಬೇರೆ ಬೇರೆ ಬಗೆಯ ದಾಳಿ: ಎಫ್‌ಟಿಪಿ ಮತ್ತು ಎಸ್‌ಎಸ್‌ಎಚ್ ಪಾಸ್‌ವರ್ಡ್ ಊಹೆ, ನಾಲ್ಕು ತರಹದ ಡಾಸ್ (ಸರ್ವರ್ ಸೋತು ನಿಲ್ಲುವಂತೆ ಮಾಡುವ ದಾಳಿ), ಹಾರ್ಟ್‌ಬ್ಲೀಡ್ (ಓಪನ್‌ಎಸ್‌ಎಸ್‌ಎಲ್‌ನ ಒಂದು ದೋಷ ಬಳಸುವ ದಾಳಿ), ವೆಬ್ ದಾಳಿಗಳು, ಒಳನುಸುಳುವಿಕೆ (ಇನ್‌ಫಿಲ್ಟ್ರೇಶನ್), ಬಾಟ್‌ನೆಟ್, ತೆರೆದ ಪೋರ್ಟ್ ಹುಡುಕುವ ಪೋರ್ಟ್ ಸ್ಕ್ಯಾನ್, ಹಲವು ಯಂತ್ರಗಳಿಂದ ಒಟ್ಟಿಗೆ ಮಾಡುವ ಡಿಡಾಸ್.

ಇದು ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಹಿಡಿದ ಪ್ಯಾಕೆಟ್‌ಗಳೇ ಇರುವ ಐದು ಪಿಕ್ಯಾಪ್ ಫೈಲ್, ಒಟ್ಟು ಸುಮಾರು 51 ಜಿಬಿ. ಇನ್ನೊಂದು, ಸಿಐಸಿಫ್ಲೋಮೀಟರ್ ಎಂಬ ಜಾವಾ ಟೂಲ್ ಆ ಪ್ಯಾಕೆಟ್‌ಗಳಿಂದ ಮಾಡಿಕೊಟ್ಟ ಎಂಟು ಸಿಎಸ್‌ವಿ ಫೈಲ್. ಅದರ ಒಂದೊಂದು ಸಾಲೂ ಒಂದು ಫ್ಲೋ, ಅಂದರೆ ಎರಡು ಯಂತ್ರಗಳ ನಡುವಿನ ಒಂದು ಸಂಪರ್ಕದ ಪ್ಯಾಕೆಟ್‌ಗಳ ಸಾರಾಂಶ. ಒಟ್ಟು 28,30,743 ಸಾಲು, ದಾಳಿಯೋ ಅಲ್ಲವೋ ಎನ್ನುವ ಲೇಬಲ್ ಸೇರಿ 79 ಕಾಲಂ. ಬಹುತೇಕರು ಸಿಎಸ್‌ವಿ ಇಳಿಸಿಕೊಂಡು, ರ‍್ಯಾಂಡಮ್ ಫಾರೆಸ್ಟ್ ಎಂಬ ಅಲ್ಗಾರಿದಮ್‌ಗೆ ಕೊಟ್ಟು, ಶೇ 99ರ ಮೇಲೆ ಅಂಕ ಬಂತೆಂದು ನಿಲ್ಲಿಸುತ್ತಾರೆ. ಆ ಅಂಕವನ್ನು ನಂಬಬೇಡಿ. ಪಿಕ್ಯಾಪ್‌ಗೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಸಿಎಸ್‌ವಿಗೆ ಒಂದೂವರೆಗಿಂತ ಹೆಚ್ಚು ಕೊಡಲಾಗದು. ಯಾಕೆಂದು ಒಂದೇ ಸಾಲು ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಒಂದು ಸಾಲಿನೊಳಗೆ ಏನಿದೆ

ಶುಕ್ರವಾರ ಮಧ್ಯಾಹ್ನದ ಡಿಡಾಸ್ ಫೈಲ್ ತೆರೆಯಿರಿ. ಶೀರ್ಷಿಕೆಯ ನಂತರದ ಮೊದಲ ಸಾಲು ಹೀಗಿದೆ: ಡೆಸ್ಟಿನೇಶನ್ ಪೋರ್ಟ್ 54865, ಅವಧಿ 3 ಮೈಕ್ರೋಸೆಕೆಂಡ್, ಮುಂದಕ್ಕೆ ಹೋದ ಪ್ಯಾಕೆಟ್ 2, ಹಿಂದಕ್ಕೆ ಬಂದದ್ದು 0, ಮುಂದಕ್ಕೆ ಹೋದ ಒಟ್ಟು ಉದ್ದ 12, ಪ್ರತಿ ಪ್ಯಾಕೆಟ್ 6 ಬೈಟ್. ಸೆಕೆಂಡಿಗೆ 40,00,000 ಬೈಟ್, ಸೆಕೆಂಡಿಗೆ 6,66,666 ಪ್ಯಾಕೆಟ್. ಲೇಬಲ್: ಬಿನೈನ್, ಅಂದರೆ ನಿರಪಾಯ.

ಇಲ್ಲಿ ಒಂದೊಂದು ಅಂಕಿಯೂ ಏನೋ ಹೇಳುತ್ತಿದೆ. 54865 ಎಂಬುದು ಯಾವ ಸರ್ವಿಸ್‌ನ ಪೋರ್ಟೂ ಅಲ್ಲ. ಕ್ಲೈಂಟ್ ಯಂತ್ರ ತಾತ್ಕಾಲಿಕವಾಗಿ ತೆಗೆದುಕೊಳ್ಳುವ ಪೋರ್ಟ್‌ಗಳ ಸಾಲಿನದು. ಅದು ಡೆಸ್ಟಿನೇಶನ್ ಜಾಗದಲ್ಲಿ ಕೂತಿದೆ ಎಂದರೆ ದಿಕ್ಕು ತಿರುಗಿದೆ, ಸರ್ವರ್‌ನಿಂದ ಕ್ಲೈಂಟ್‌ಗೆ ಹೋದ ಪ್ಯಾಕೆಟ್‌ಗಳನ್ನು ಹೊಸ ಫ್ಲೋ ಎಂದು ಎಣಿಸಲಾಗಿದೆ. 6 ಬೈಟ್‌ನ ಲೆಕ್ಕ ಇನ್ನೂ ಸ್ಪಷ್ಟ. ಟಿಸಿಪಿ ಎಂದರೆ ಸಂಪರ್ಕ ಕಟ್ಟಿಕೊಂಡು ಡೇಟಾ ಕಳಿಸುವ ವಿಧಾನ. ಡೇಟಾ ಇಲ್ಲದ ಬರಿಯ ಟಿಸಿಪಿ ಪ್ಯಾಕೆಟ್‌ಗೆ ಐಪಿ ಹೆಡರ್ 20, ಟಿಸಿಪಿ ಹೆಡರ್ 20, ಈಥರ್ನೆಟ್ ಹೆಡರ್ 14, ಒಟ್ಟು 54 ಬೈಟ್. ಈಥರ್ನೆಟ್ ಫ್ರೇಮ್ ಕನಿಷ್ಠ 60 ಇರಲೇಬೇಕಾದ್ದರಿಂದ ನೆಟ್‌ವರ್ಕ್ ಕಾರ್ಡ್ ಕೊನೆಗೆ 6 ಸೊನ್ನೆ ಬೈಟ್ ತುಂಬುತ್ತದೆ. ಆ ಪ್ಯಾಡಿಂಗನ್ನೇ ಇಲ್ಲಿ ಪೇಲೋಡ್, ಅಂದರೆ ಪ್ಯಾಕೆಟ್ ಹೊತ್ತ ನಿಜವಾದ ಡೇಟಾ, ಎಂದು ಬರೆದಿದೆ. ಅಂದರೆ ಯಾರೂ ಕಳಿಸದ 12 ಬೈಟ್ ಡೇಟಾ, ಅದನ್ನು 3 ಮೈಕ್ರೋಸೆಕೆಂಡ್‌ನಿಂದ ಭಾಗಿಸಿ ಬಂದ 40 ಲಕ್ಷದ ವೇಗ.

ಇಂಥ ಸಾಲು ಹುಟ್ಟುವುದು ಟಿಸಿಪಿ ಸಂಪರ್ಕ ಮುಗಿಯುವ ರೀತಿಯನ್ನು ಟೂಲ್ ತಪ್ಪಾಗಿ ಹಿಡಿದದ್ದರಿಂದ. ಸಂಪರ್ಕ ಮುಗಿಸುವಾಗ ಎರಡೂ ಕಡೆಯವರು ತಲಾ ಒಂದು ಫಿನ್ (ನನ್ನದು ಮುಗಿಯಿತು ಎಂಬ ಸೂಚನೆ) ಕಳಿಸುತ್ತಾರೆ, ತಲಾ ಒಂದು ಆ್ಯಕ್ (ತಲುಪಿತು ಎಂಬ ಉತ್ತರ) ಹೋಗುತ್ತದೆ. ಡೇಟಾಸೆಟ್ ಮಾಡಿದಾಗಿನ ಸಿಐಸಿಫ್ಲೋಮೀಟರ್ ಮೊದಲ ಫಿನ್ ಕಂಡಕೂಡಲೇ ಫ್ಲೋ ಮುಚ್ಚಿಬಿಡುತ್ತಿತ್ತು. ಆಮೇಲೆ ಬರುವ ಆ್ಯಕ್, ಎದುರಿನ ಫಿನ್, ಕೊನೆಯ ಆ್ಯಕ್ ಇವೆಲ್ಲ ಸೇರಿ ಇನ್ನೊಂದು ಸಾಲಾಗುತ್ತವೆ. ಆ ಬಾಲದ ಮೊದಲ ಪ್ಯಾಕೆಟ್ ಯಾರದೋ ಅವರೇ ‘ಸೋರ್ಸ್’. ಸಂಪರ್ಕ ಒಂದು, ಸಾಲು ಎರಡು. ದಾಳಿಯ ಸಂಪರ್ಕಕ್ಕೂ ಇಂಥ ಬಾಲ ಇರುತ್ತದೆ, ಸಾಮಾನ್ಯ ಸಂಪರ್ಕಕ್ಕೂ ಇರುತ್ತದೆ, ಎರಡೂ ನೋಡಲು ಒಂದೇ. ಆದರೆ ಒಂದಕ್ಕೆ ದಾಳಿ ಎಂದು ಲೇಬಲ್, ಇನ್ನೊಂದಕ್ಕೆ ನಿರಪಾಯ ಎಂದು. ಮಾಡೆಲ್ ಇದರಿಂದ ಕಲಿಯುವುದು ದಾಳಿಯ ಗುಣವನ್ನಲ್ಲ, ಪೋರ್ಟ್ ನಂಬರನ್ನೋ ಇನ್ಯಾವುದೋ ಅಡ್ಡದಾರಿಯನ್ನೋ.

ಬೆಲ್ಜಿಯಂನ ಕೆಯು ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಈ ದೋಷವನ್ನು, ಜೊತೆಗೆ ಸಂಪರ್ಕವನ್ನು ತಟ್ಟನೆ ಕಡಿಯುವ ಆರ್‌ಎಸ್‌ಟಿ ಪ್ಯಾಕೆಟ್ ಬಂದರೂ ಫ್ಲೋ ಮುಚ್ಚದಿರುವುದನ್ನು, ಲೇಬಲ್ ತಪ್ಪುಗಳನ್ನು ವಿವರವಾಗಿ ಬಯಲಿಗೆಳೆದರು. ಅವರ ಪ್ರಕಾರ ಶೇ 20ಕ್ಕೂ ಹೆಚ್ಚು ಟ್ರಾಫಿಕ್ ಅನ್ನು ಮತ್ತೆ ಕಟ್ಟಬೇಕಾಯಿತು ಅಥವಾ ಮತ್ತೆ ಲೇಬಲ್ ಮಾಡಬೇಕಾಯಿತು. ಸರಿಪಡಿಸಿದ ಟೂಲ್ ಹಾಗೂ ಸಿಎಸ್‌ವಿಗಳನ್ನು ಅವರು ಮುಕ್ತವಾಗಿ ಕೊಟ್ಟಿದ್ದಾರೆ. 51 ಜಿಬಿ ಇಳಿಸಿಕೊಳ್ಳಲು ಸಾಧ್ಯವೇ ಇಲ್ಲದವರು ಮೂಲ ಸಿಎಸ್‌ವಿ ಬದಲು ಅದನ್ನು ಬಳಸುವುದು ಎಷ್ಟೋ ಮೇಲು.

ಮೂಲ ಸಿಎಸ್‌ವಿಯನ್ನೇ ಬಳಸಬೇಕಾಗಿ ಬಂದರೆ

ಹಳೆಯ ಪ್ರಬಂಧದ ಫಲಿತಾಂಶದ ಜೊತೆ ಹೋಲಿಸಬೇಕಾದವರಿಗೆ ಬೇರೆ ದಾರಿ ಇಲ್ಲ. ಅವರು ಇಷ್ಟನ್ನಾದರೂ ಮಾಡಬೇಕು.

ಕಾಲಂ ಹೆಸರುಗಳ ಮುಂದೆ ಖಾಲಿ ಜಾಗ ಇದೆ, ಎಲ್ಲಕ್ಕೂ ಅಲ್ಲ, ಬಹುತೇಕಕ್ಕೆ. ‘ಲೇಬಲ್’ ಎಂದು ಕೇಳಿದರೆ ಕಾಲಂ ಇಲ್ಲ ಎಂಬ ಎರರ್ ಬರುವುದು ಇದಕ್ಕೇ. ಓದಿದ ಕೂಡಲೇ ಹೆಸರುಗಳನ್ನು ಸ್ಟ್ರಿಪ್ ಮಾಡಿ, ಅಂದರೆ ಆ ಖಾಲಿ ಜಾಗ ತೆಗೆಯಿರಿ. ‘ಫಾರ್ವರ್ಡ್ ಹೆಡರ್ ಲೆಂಗ್ತ್’ ಎರಡು ಸಲ ಇದೆ, ಪಾಂಡಾಸ್ (ಪೈಥಾನ್‌ನಲ್ಲಿ ಟೇಬಲ್ ಓದುವ ಲೈಬ್ರರಿ) ಎರಡನೆಯದಕ್ಕೆ ತಾನೇ ಬಾಲ ಸೇರಿಸುತ್ತದೆ, ಅದನ್ನು ಬಿಸಾಡಿ. ಬಲ್ಕ್ ಎಂಬ ಹೆಸರಿನ ಆರು ಕಾಲಂ, ಹಿಮ್ಮುಖ ದಿಕ್ಕಿನ ಪುಶ್ ಫ್ಲ್ಯಾಗ್, ಹಿಮ್ಮುಖ ದಿಕ್ಕಿನ ಅರ್ಜೆಂಟ್ ಫ್ಲ್ಯಾಗ್, ಈ ಎಂಟರಲ್ಲೂ ಎಲ್ಲ ಸಾಲುಗಳಲ್ಲಿ ಸೊನ್ನೆಯೇ. ಅವನ್ನೂ ತೆಗೆಯಿರಿ.

ಸೆಕೆಂಡಿಗೆ ಬೈಟ್, ಸೆಕೆಂಡಿಗೆ ಪ್ಯಾಕೆಟ್ ಎಂಬ ಕಾಲಂಗಳಲ್ಲಿ ಇನ್ಫಿನಿಟಿ ಮತ್ತು ಎನ್‌ಎಎನ್ (ಸಂಖ್ಯೆಯೇ ಅಲ್ಲ ಎಂಬ ಗುರುತು) ಇರುವ ಸಾಲು 2,867. ಅವಧಿ ಸೊನ್ನೆಯಾದಾಗ ಭಾಗಾಕಾರ ಮಾಡಿದ್ದರ ಫಲ ಅದು. ಸರಾಸರಿ ತುಂಬಿ ಮುಚ್ಚಿಹಾಕಬೇಡಿ. ಅವಧಿ ಸೊನ್ನೆ ಎಂಬುದೇ ಒಂದು ಮಾಹಿತಿ. ಬೈಟ್, ಪ್ಯಾಕೆಟ್, ಅವಧಿ ಮೂರೂ ಹೇಗೂ ಇರುವುದರಿಂದ ವೇಗದ ಕಾಲಂ ಎರಡನ್ನೂ ಕೈಬಿಟ್ಟರೆ ಏನೂ ನಷ್ಟವಿಲ್ಲ. ಅವಧಿಯಲ್ಲೂ, ಪ್ಯಾಕೆಟ್‌ಗಳ ನಡುವಿನ ಅಂತರದಲ್ಲೂ ಕೆಲವೆಡೆ ಋಣ ಸಂಖ್ಯೆ ಕಾಣುತ್ತದೆ. ಪಿಕ್ಯಾಪ್‌ನಲ್ಲಿ ಪ್ಯಾಕೆಟ್‌ಗಳು ಸಮಯದ ಕ್ರಮ ತಪ್ಪಿರುವ ಕಡೆ ನಂತರದ್ದರಿಂದ ಮೊದಲಿನದನ್ನು ಕಳೆದರೆ ಹಾಗೇ ಆಗುವುದು.

ಐಪಿ ವಿಳಾಸ ಮತ್ತು ಸಮಯ ಇರುವ ಇನ್ನೊಂದು ಸಿಎಸ್‌ವಿ ಕಟ್ಟೂ ಇದೆ. ಅದನ್ನು ಬಳಸುವವರು ಸಮಯದ ಕಾಲಂನಲ್ಲಿ ಎರಡು ಕಡೆ ಎಚ್ಚರ ವಹಿಸಬೇಕು. ದಿನ ಮೊದಲು, ತಿಂಗಳು ಆಮೇಲೆ ಬರೆದಿದ್ದಾರೆ. ಪಾಂಡಾಸ್‌ಗೆ ಹೇಳದಿದ್ದರೆ 5/7/2017 ಎಂಬ ಜುಲೈ 5ನ್ನು ಮೇ 7 ಎಂದು ಓದುತ್ತದೆ. ಗಂಟೆ 12ರ ಲೆಕ್ಕದಲ್ಲಿದೆ, ಬೆಳಿಗ್ಗೆ-ಮಧ್ಯಾಹ್ನದ ಗುರುತಿಲ್ಲ. ಮಧ್ಯಾಹ್ನ 3:12 ಬರೀ 3:12 ಆಗಿದೆ. ದಾಖಲೆ ಇರುವುದು ಕೆಲಸದ ವೇಳೆಯದು ಮಾತ್ರ ಆದ್ದರಿಂದ 1ರಿಂದ 5ರವರೆಗಿನ ಗಂಟೆಗಳಿಗೆ 12 ಕೂಡಿಸಿದರೆ ಸರಿಹೋಗುತ್ತದೆ. ಇದನ್ನು ಮಾಡದೆ ಸಮಯದ ಕ್ರಮದಲ್ಲಿ ಜೋಡಿಸಿದರೆ ಮಧ್ಯಾಹ್ನದ ದಾಳಿ ಬೆಳಗಿನ ಟ್ರಾಫಿಕ್‌ಗಿಂತ ಮುಂಚೆ ಬಂದು ಕೂರುತ್ತದೆ. ಗುರುವಾರ ಬೆಳಗಿನ ಫೈಲ್‌ನಲ್ಲಿ ಲಕ್ಷಗಟ್ಟಲೆ ಪೂರ್ತಿ ಖಾಲಿ ಸಾಲುಗಳೂ ಇವೆ. ವೆಬ್ ದಾಳಿಯ ಲೇಬಲ್ ನಡುವೆ ಯುಟಿಎಫ್-8ಗೆ ಒಗ್ಗದ ಒಂದು ಗೆರೆಯ ಅಕ್ಷರವೂ ಇದೆ, ಆ ಮೂರು ಲೇಬಲ್‌ಗಳಿಗೆ ನೀವೇ ಹೊಸ ಹೆಸರಿಡಿ.

ಮೆಮೊರಿ ಲೆಕ್ಕ: 28,30,743 ಸಾಲು, 79 ಕಾಲಂ, ಒಂದೊಂದಕ್ಕೆ 8 ಬೈಟ್ ಎಂದರೆ ಸುಮಾರು 1.8 ಜಿಬಿ. ಫ್ಲೋಟ್-32, ಅಂದರೆ 4 ಬೈಟ್‌ನ ಸಂಖ್ಯೆ, ಮಾಡಿದರೆ ಅರ್ಧ. ಆದರೆ ಸಮಯದ ಕಾಲಂಗೆ ಮಾತ್ರ ಫ್ಲೋಟ್-32 ಬೇಡವೇ ಬೇಡ. 150 ಕೋಟಿಯ ಆಸುಪಾಸಿನ ಇಪೋಕ್ ಸೆಕೆಂಡುಗಳಲ್ಲಿ (1970ರ ಆರಂಭದಿಂದ ಎಣಿಸಿದ ಸೆಕೆಂಡು) ಫ್ಲೋಟ್-32 ಹಿಡಿದಿಡಬಲ್ಲ ಅಂತರ 128 ಸೆಕೆಂಡ್. ಎರಡು ನಿಮಿಷದೊಳಗಿನ ಎಲ್ಲವೂ ಒಂದೇ ಸಮಯವಾಗಿಬಿಡುತ್ತದೆ.

ಲೇಬಲ್‌ಗಳ ಸ್ಥಿತಿ

ಒಟ್ಟು ಸಾಲುಗಳಲ್ಲಿ 22,73,097 ನಿರಪಾಯದವು. ಡಾಸ್ ಹಲ್ಕ್ (ವೆಬ್ ಸರ್ವರ್ ಮೇಲೆ ಕೋರಿಕೆಗಳ ಮಳೆ ಸುರಿಸುವ ಟೂಲ್‌ನ ದಾಳಿ) 2,31,073, ಪೋರ್ಟ್ ಸ್ಕ್ಯಾನ್ 1,58,930, ಡಿಡಾಸ್ 1,28,027. ಅತ್ತ ಕೊನೆಯಲ್ಲಿ ಇನ್‌ಫಿಲ್ಟ್ರೇಶನ್ 36, ಎಸ್‌ಕ್ಯೂಎಲ್ ಇಂಜೆಕ್ಷನ್ 21, ಹಾರ್ಟ್‌ಬ್ಲೀಡ್ 11.

ಆ ಹಾರ್ಟ್‌ಬ್ಲೀಡ್‌ನ 11ನ್ನು ಗಮನಿಸಿ. ದಾಳಿ ನಡೆದದ್ದು ಬುಧವಾರ 15:12ರಿಂದ 15:32ರವರೆಗೆ, 20 ನಿಮಿಷ. ಸಿಐಸಿಫ್ಲೋಮೀಟರ್ ಒಂದು ಫ್ಲೋ 120 ಸೆಕೆಂಡ್ ದಾಟಿದರೆ ಕತ್ತರಿಸುತ್ತದೆ. ಆ 20 ನಿಮಿಷವನ್ನು ಹೀಗೆ ಕತ್ತರಿಸಿದರೆ ಹತ್ತು ತುಂಡು, ಒಂದು ಚೂರು. ಬಹುತೇಕ ಸಾಲುಗಳ ಅವಧಿ 119 ಸೆಕೆಂಡಿನ ಆಸುಪಾಸಿನಲ್ಲೇ ಇದೆ, ಎಲ್ಲದರ ಪೋರ್ಟೂ 444. ಇವನ್ನು 80-20 ಎಂದು ರ‍್ಯಾಂಡಮ್ ಆಗಿ ಹಂಚಿದರೆ ಒಂದೇ ದಾಳಿಯ ಎಂಟೊಂಬತ್ತು ತುಂಡು ಟ್ರೈನಿಂಗ್‌ಗೂ ಉಳಿದವು ಟೆಸ್ಟ್‌ಗೂ ಹೋಗುತ್ತವೆ. ಹಾರ್ಟ್‌ಬ್ಲೀಡನ್ನು ಶೇ 100 ಹಿಡಿದೆವು ಎಂದು ಬರೆದಿರುವ ಪಟ್ಟಿಗಳ ಬೆಲೆ ಅಷ್ಟೇ. ಇದನ್ನು ಒಂದು ವರ್ಗವಾಗಿ ಟ್ರೈನ್ ಮಾಡದಿರುವುದೇ ನೇರವಾದ ದಾರಿ.

ಇನ್‌ಫಿಲ್ಟ್ರೇಶನ್‌ನ ಕಥೆ ಇದಕ್ಕಿಂತ ಕೆಟ್ಟದ್ದು. ಡೇಟಾಸೆಟ್‌ನ ಸ್ವಂತ ವಿವರಣೆಯಲ್ಲೇ ಗುರುವಾರ ಮಧ್ಯಾಹ್ನ ವಶವಾದ ವಿಂಡೋಸ್ ವಿಸ್ಟಾ ಯಂತ್ರ, 192.168.10.8, ಒಳಜಾಲದ ಉಳಿದ ಯಂತ್ರಗಳನ್ನೆಲ್ಲ ಎನ್‌ಮ್ಯಾಪ್ ಎಂಬ ಸ್ಕ್ಯಾನ್ ಟೂಲ್‌ನಿಂದ ಸ್ಕ್ಯಾನ್ ಮಾಡಿತು ಎಂದಿದೆ. ಅಷ್ಟು ದೊಡ್ಡ ಸ್ಕ್ಯಾನ್ 36 ಸಾಲಿನಲ್ಲಿ ಹಿಡಿಯಲು ಸಾಧ್ಯವಿಲ್ಲ. ಅವು ನಿರಪಾಯದ ರಾಶಿಯಲ್ಲಿ ಕೂತಿವೆ. ನಿಮ್ಮ ಮಾಡೆಲ್ ಅವನ್ನು ಸರಿಯಾಗಿ ಹಿಡಿದರೆ ಅದು ತಪ್ಪು ಎಚ್ಚರಿಕೆ ಎಂದು ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ತೊಂದರೆ ಎಂದರೆ ಲೇಬಲ್ ಹಚ್ಚಿರುವುದು ವಿಳಾಸ ಮತ್ತು ಸಮಯ ನೋಡಿ. ದಾಳಿಕೋರ ಯಂತ್ರದ ಜೊತೆಗಿನವಾದರೂ ಪೇಲೋಡೇ ಇಲ್ಲದ, ಎದುರಿನಿಂದ ತಿರಸ್ಕೃತವಾದ ಸಂಪರ್ಕಗಳಿಗೂ ದಾಳಿಯ ಹೆಸರೇ ಬಿದ್ದಿದೆ. ಬಾಟ್ ವರ್ಗದಲ್ಲಿ ಇವು ಬಹಳ. ಕೆಯು ಲ್ಯೂವೆನ್‌ನವರು ಇಂಥವಕ್ಕೆ ‘ಅಟೆಂಪ್ಟೆಡ್’ ಎಂದು ಬೇರೆ ಹೆಸರು ಕೊಟ್ಟರು, ಸರಿಯಾದ ಕ್ರಮ ಅದು.

ಪಿಕ್ಯಾಪ್‌ನಿಂದ ನೀವೇ ತಯಾರಿಸುವುದು

ಸೋಮವಾರ 11 ಜಿಬಿ, ಮಂಗಳವಾರ 11, ಬುಧವಾರ 13, ಗುರುವಾರ 7.8, ಶುಕ್ರವಾರ 8.3. ಎಲ್ಲ ಒಟ್ಟಿಗೆ ಬೇಕಿಲ್ಲ. ಸೋಮವಾರ ಮತ್ತು ಬುಧವಾರ ಸಾಕು ಶುರುಮಾಡಲು. ಸಾಮಾನ್ಯ ಟ್ರಾಫಿಕ್ ಪೂರ್ತಿ ಒಂದು ದಿನ, ಡಾಸ್‌ನ ನಾಲ್ಕು ಬಗೆ ಇನ್ನೊಂದು ದಿನ.

ಮೊದಲ ಕೆಲಸ ಪ್ಯಾಕೆಟ್‌ಗಳನ್ನು ಸಮಯದ ಕ್ರಮಕ್ಕೆ ತರುವುದು. ಪ್ಯಾಕೆಟ್ ತೆರೆದು ನೋಡುವ ವೈರ್‌ಶಾರ್ಕ್ ಟೂಲ್ ಜೊತೆಗೇ ಬರುವ ರೀಆರ್ಡರ್‌ಕ್ಯಾಪ್ ಅದಕ್ಕೆಂದೇ ಇದೆ. ಆಮೇಲೆ ನಕಲಿ ಪ್ಯಾಕೆಟ್ ತೆಗೆಯಲು ಎಡಿಟ್‌ಕ್ಯಾಪ್. ಈ ಕ್ರಮ ಅದಲುಬದಲು ಆಗಬಾರದು. ಎಡಿಟ್‌ಕ್ಯಾಪ್‌ನ ಸಮಯದ ಕಿಟಕಿ (ಎಷ್ಟು ಹೊತ್ತಿನೊಳಗೆ ಮತ್ತೆ ಬಂದರೆ ನಕಲಿ ಎನ್ನಬೇಕೆಂಬ ಮಿತಿ) ಪ್ಯಾಕೆಟ್‌ಗಳು ಕ್ರಮವಾಗಿವೆ ಎಂದೇ ನಂಬಿ ಕೆಲಸ ಮಾಡುತ್ತದೆ. ಕಿಟಕಿಯನ್ನು ಮಿಲಿಸೆಕೆಂಡ್‌ನೊಳಗೆ ಇಡಿ. ಸೆಕೆಂಡ್‌ಗಟ್ಟಲೆ ಇಟ್ಟರೆ ಕಳೆದುಹೋದ ಪ್ಯಾಕೆಟ್‌ನ ನಿಜವಾದ ಮರುರವಾನೆಯೂ ನಕಲಿ ಎಂದು ಹೋಗಬಹುದು, ಡಾಸ್ ದಾಳಿಯಲ್ಲಿ ಮರುರವಾನೆಯೇ ಒಂದು ಮುಖ್ಯ ಸುಳಿವು.

ಫ್ಲೋ ಕಟ್ಟಲು ಎರಡು ಟೂಲ್ ಯೋಗ್ಯ: ಝೀಕ್ ಮತ್ತು ಎನ್‌ಎಫ್‌ಸ್ಟ್ರೀಮ್.

ಝೀಕ್‌ನ ಬಲ ಟಿಸಿಪಿಯ ಅರಿವು. 1995ರಲ್ಲಿ ವರ್ನ್ ಪ್ಯಾಕ್ಸನ್ ಬ್ರೋ ಎಂಬ ಹೆಸರಲ್ಲಿ ಶುರುಮಾಡಿದ, 2018ರಲ್ಲಿ ಹೆಸರು ಬದಲಿಸಿಕೊಂಡ ಟೂಲ್ ಇದು. ಒಂದು ಸಂಪರ್ಕಕ್ಕೆ ಕನೆಕ್ಷನ್ ಲಾಗ್‌ನಲ್ಲಿ ಒಂದು ಸಾಲು, ಬಾಲದ ಸಾಲು ಇಲ್ಲ. ‘ಕನೆಕ್ಷನ್ ಸ್ಟೇಟ್’ ಕಾಲಂ ಸಂಪರ್ಕ ಹೇಗೆ ಮುಗಿಯಿತೆಂದು ಹೇಳುತ್ತದೆ: ಎಸ್‌ಎಫ್ ಎಂದರೆ ಸರಿಯಾಗಿ ಆರಂಭವಾಗಿ ಸರಿಯಾಗಿ ಮುಗಿದದ್ದು, ಎಸ್‌0 ಎಂದರೆ ಸಂಪರ್ಕ ಕೋರುವ ಸಿನ್ ಹೋಯಿತು ಉತ್ತರ ಬರಲಿಲ್ಲ, ಆರ್‌ಇಜೆ ಎಂದರೆ ತಿರಸ್ಕೃತ. ಪೋರ್ಟ್ ಸ್ಕ್ಯಾನ್‌ಗೆ ಈ ಒಂದು ಕಾಲಂ ಹತ್ತಾರು ಸರಾಸರಿಗಳಿಗಿಂತ ಹೆಚ್ಚು ಹೇಳುತ್ತದೆ. ಫೈಲ್ ಓದಿಸುವಾಗ ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಕಡೆಗಣಿಸುವ ದೊಡ್ಡಕ್ಷರ ‘ಸಿ’ ಆಪ್ಷನ್ ಕೊಡುವುದನ್ನು ಮರೆಯಬೇಡಿ. ನೆಟ್‌ವರ್ಕ್ ಕಾರ್ಡೇ ಚೆಕ್‌ಸಮ್ ಬರೆಯುವ ಯಂತ್ರಗಳಲ್ಲಿ ಹಿಡಿದ ಪ್ಯಾಕೆಟ್‌ಗಳನ್ನು ಝೀಕ್ ಕೆಟ್ಟವೆಂದು ಬದಿಗಿಡುತ್ತದೆ, ಅರ್ಧ ಸಂಪರ್ಕಗಳೇ ಕಾಣೆಯಾಗಬಹುದು.

ಝೀಕ್ ಲಾಗ್ ಓದುವಾಗ ಮೂರು ವಿಷಯ ನೆನಪಿರಲಿ. ಬೈಟ್ ಕಾಲಂಗಳನ್ನು ಅದು ಟಿಸಿಪಿ ಸೀಕ್ವೆನ್ಸ್ ನಂಬರ್‌ನಿಂದ ಲೆಕ್ಕಹಾಕುತ್ತದೆ. ಪ್ಯಾಕೆಟ್ ಬಿಟ್ಟುಹೋಗಿದ್ದರೆ ಅಸಂಭವವಾದ ದೊಡ್ಡ ಸಂಖ್ಯೆ ಬರಬಹುದು, ಆದ್ದರಿಂದ ಐಪಿ ಬೈಟ್‌ಗಳ ಕಾಲಂ ಹೆಚ್ಚು ನಂಬಿಕೆಯದು. ಒಂದೇ ಪ್ಯಾಕೆಟ್‌ನ ಸಂಪರ್ಕಕ್ಕೆ ಅವಧಿ ಇರುವುದಿಲ್ಲ, ಅಡ್ಡಗೆರೆ ಮಾತ್ರ. ಅಲ್ಲಿ ಸೊನ್ನೆ ತುಂಬುವುದಾದರೆ ‘ಅವಧಿ ಇರಲಿಲ್ಲ’ ಎಂಬ ಇನ್ನೊಂದು ಕಾಲಂ ಸೇರಿಸಿ. ಸಾಲುಗಳು ಸಂಪರ್ಕ ಮುಗಿದ ಕ್ರಮದಲ್ಲಿ ಬರುತ್ತವೆ, ಶುರುವಾದ ಕ್ರಮದಲ್ಲಲ್ಲ. ಸಮಯದ ಪ್ರಕಾರ ಹಂಚುವ ಮುನ್ನ ಮತ್ತೆ ಜೋಡಿಸಿ.

ಝೀಕ್‌ನಲ್ಲಿ ಇಲ್ಲದ್ದು ಪ್ಯಾಕೆಟ್ ಗಾತ್ರ ಮತ್ತು ಅಂತರಗಳ ಸರಾಸರಿ, ವಿಚಲನೆ, ಗರಿಷ್ಠ, ಕನಿಷ್ಠ. ಅದು ಬೇಕಾದವರಿಗೆ ಎನ್‌ಎಫ್‌ಸ್ಟ್ರೀಮ್. ಪೈಥಾನ್‌ನಲ್ಲಿ ಎರಡು ಮೂರು ಸಾಲು ಬರೆದರೆ ಪಿಕ್ಯಾಪ್ ನೇರ ಪಾಂಡಾಸ್ ಟೇಬಲ್ ಆಗುತ್ತದೆ. ‘ಸ್ಟ್ಯಾಟಿಸ್ಟಿಕಲ್ ಅನಾಲಿಸಿಸ್’ ಆನ್ ಮಾಡಬೇಕು, ಮೊದಲಿಂದ ಆಫ್ ಇರುತ್ತದೆ. ‘ಅಕೌಂಟಿಂಗ್ ಮೋಡ್’ 1 ಕೊಟ್ಟರೆ ಗಾತ್ರ ಐಪಿ ಪದರದಿಂದ ಎಣಿಕೆಯಾಗುತ್ತದೆ, 3 ಕೊಟ್ಟರೆ ಪೇಲೋಡ್ ಮಾತ್ರ. ಸೊನ್ನೆಯಲ್ಲೇ ಬಿಟ್ಟರೆ ಈಥರ್ನೆಟ್ ಪದರವೂ ಸೇರುತ್ತದೆ, ಮೇಲೆ ಹೇಳಿದ ಪ್ಯಾಡಿಂಗ್ ತಲೆನೋವು ಮತ್ತೆ ಶುರು. ಪರೀಕ್ಷೆ ಸುಲಭ: ಬರಿಯ ಆ್ಯಕ್ ಪ್ಯಾಕೆಟ್‌ನ ಐಪಿ ಗಾತ್ರ 40, ಟೈಮ್‌ಸ್ಟ್ಯಾಂಪ್ ಆಪ್ಷನ್ ಇದ್ದರೆ 52 ಬರಬೇಕು. ಕನಿಷ್ಠ ಗಾತ್ರ 46 ಎಂದು ಕಂಡರೆ ಪ್ಯಾಡಿಂಗ್ ಒಳಗೆ ಬಂದಿದೆ ಎಂದರ್ಥ.

ಎನ್‌ಎಫ್‌ಸ್ಟ್ರೀಮ್‌ನ ಕೊರತೆ ಬೇರೆ ತುದಿಯದು. ಅದು ಫಿನ್ ನೋಡಿ ಫ್ಲೋ ಮುಚ್ಚುವುದಿಲ್ಲ, ಟೈಮ್‌ಔಟ್ ಮಾತ್ರ ನೋಡುತ್ತದೆ: ಸುಮ್ಮನಿದ್ದರೆ 120 ಸೆಕೆಂಡ್, ಚುರುಕಾಗಿದ್ದರೆ 1800. ಹಲ್ಕ್ ಥರದ ದಾಳಿಯಲ್ಲಿ ಅದೇ ಸೋರ್ಸ್ ಪೋರ್ಟ್ 120 ಸೆಕೆಂಡಿನೊಳಗೆ ಮತ್ತೆ ಬಳಕೆಯಾದರೆ ಎರಡು ಸಂಪರ್ಕ ಒಂದೇ ಸಾಲಾಗಿ ಬೆಸೆದುಕೊಳ್ಳುತ್ತದೆ. ಇದಕ್ಕೆ ಪ್ಲಗಿನ್ ಬರೆಯಬಹುದು. ಎರಡೂ ದಿಕ್ಕಿನ ಫಿನ್ ಮತ್ತು ಕೊನೆಯ ಆ್ಯಕ್ ಬಂದಮೇಲೆ, ಇಲ್ಲವೇ ಆರ್‌ಎಸ್‌ಟಿ ಬಂದಮೇಲೆ, ಎಕ್ಸ್‌ಪೈರೇಶನ್ ಐಡಿಯನ್ನು ಮೈನಸ್ 1 ಮಾಡಿದರೆ ಫ್ಲೋ ಅಲ್ಲೇ ಮುಗಿಯುತ್ತದೆ. ಮೊದಲ ಫಿನ್‌ಗೇ ಮುಚ್ಚಿದರೆ ಸಿಐಸಿಫ್ಲೋಮೀಟರ್‌ನ ತಪ್ಪನ್ನೇ ಮತ್ತೆ ಮಾಡಿದಂತೆ. ಹಲ್ಕ್ ನಡೆದ ಹೊತ್ತಿನ ಟಿಸಿಪಿ ಸಾಲುಗಳ ಸಂಖ್ಯೆಯನ್ನು ಝೀಕ್‌ನ ಲೆಕ್ಕದ ಜೊತೆ ಹೋಲಿಸಿ. ದೊಡ್ಡ ವ್ಯತ್ಯಾಸ ಇದ್ದರೆ ಪ್ಲಗಿನ್‌ನಲ್ಲಿ ದೋಷವಿದೆ.

ಲೇಬಲ್ ಹಚ್ಚುವುದು

ಡೇಟಾಸೆಟ್‌ನ ವಿವರಣೆಯಲ್ಲಿ ಕೊಟ್ಟ ಸಮಯಗಳು ಪೂರ್ವ ಕೆನಡಾದ ಅಟ್ಲಾಂಟಿಕ್ ಬೇಸಿಗೆ ಸಮಯ, ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ 3 ಗಂಟೆ ಹಿಂದೆ. ಪಿಕ್ಯಾಪ್‌ನಲ್ಲಿ ಇರುವುದು ಇಪೋಕ್. ಭಾರತದ ಸಮಯಕ್ಕೆ ಹೊಂದಿಸಿದ ಲ್ಯಾಪ್‌ಟಾಪ್‌ನಲ್ಲಿ ವೈರ್‌ಶಾರ್ಕ್ ತೆರೆದರೆ ಎಲ್ಲವೂ ಎಂಟೂವರೆ ಗಂಟೆ ಮುಂದೆ ಕಾಣುತ್ತದೆ, ಬುಧವಾರ ಬೆಳಿಗ್ಗೆ 10:43ರ ಹಲ್ಕ್ ಸಂಜೆ 7:13ಕ್ಕೆ ನಡೆದಂತೆ. ಹಾಗಾಗಿ ಗಡಿಯಾರದ ಸಮಯ ಬಿಟ್ಟು ಇಪೋಕ್‌ನಲ್ಲೇ ನಿಯಮ ಬರೆಯಿರಿ. ಹಲ್ಕ್‌ಗೆ 1499262180ರಿಂದ 1499263200ರವರೆಗೆ, ಅಂದರೆ 17 ನಿಮಿಷ.

ವಿಳಾಸದ ವಿಷಯದಲ್ಲೂ ಒಂದು ತೊಡಕಿದೆ. ವಿವರಣೆಯಲ್ಲಿ ದಾಳಿಕೋರನ ಕಾಲಿ ಲಿನಕ್ಸ್ ಯಂತ್ರ 205.174.165.73 ಎಂದಿದ್ದರೂ ಫೈರ್‌ವಾಲ್‌ನ ವಿಳಾಸ ಬದಲಾವಣೆಯಿಂದಾಗಿ ಬುಧವಾರದ ಪಿಕ್ಯಾಪ್‌ನಲ್ಲಿ ಅದು 172.16.0.1 ಆಗಿ ಕಾಣುತ್ತದೆ, ಬಲಿಯಾದ ವೆಬ್ ಸರ್ವರ್ 192.168.10.50. ಅಲ್ಲಿ ಮೂಲ ವಿಳಾಸ ಹುಡುಕಿದರೆ ಏನೂ ಸಿಗದೆ ದಾಳಿಯೇ ಇಲ್ಲವೆಂದು ಅನಿಸಬಹುದು. ನಿಯಮ ಎರಡೂ ದಿಕ್ಕಿಗೆ ಅನ್ವಯಿಸಲಿ. ಟೈಮ್‌ಔಟ್ ಆಗಿ ತುಂಡಾದ ಫ್ಲೋ ಸರ್ವರ್ ಕಡೆಯ ಪ್ಯಾಕೆಟ್‌ನಿಂದ ಶುರುವಾಗಬಹುದು. ಕೊಟ್ಟ ಸಮಯ ನಿಮಿಷದ ಲೆಕ್ಕದ್ದಾದ್ದರಿಂದ ಗಡಿಯ ಆಚೀಚೆ 60 ಸೆಕೆಂಡ್‌ನ ಸಾಲುಗಳನ್ನು ಟ್ರೈನಿಂಗ್‌ನಿಂದ ಬಿಡಿ. ಮುಂದಕ್ಕೆ ಹೋದ ಪೇಲೋಡ್ ಸೊನ್ನೆ ಇರುವ ದಾಳಿ ಸಾಲುಗಳನ್ನು ಪ್ರತ್ಯೇಕ ವರ್ಗ ಮಾಡಿ. ಪೋರ್ಟ್ ಸ್ಕ್ಯಾನ್‌ಗೆ ಮಾತ್ರ ಈ ಕೊನೆಯ ನಿಯಮ ಬೇಡ, ಪೇಲೋಡ್ ಇಲ್ಲದಿರುವುದೇ ಅದರ ಸ್ವಭಾವ.

ಮಾಡೆಲ್‌ಗೆ ಕೊಡುವ ಮುನ್ನ

ವಿಳಾಸ, ಸೋರ್ಸ್ ಪೋರ್ಟ್, ಸಮಯ, ಫ್ಲೋ ಐಡಿ ಇವನ್ನು ತೆಗೆಯಬೇಕೆಂದು ಎಲ್ಲರಿಗೂ ಗೊತ್ತು. ಡೆಸ್ಟಿನೇಶನ್ ಪೋರ್ಟ್ ಉಳಿಸಿಕೊಳ್ಳುವವರೇ ಹೆಚ್ಚು. ಆ ಒಂದೇ ಕಾಲಂ ಕೊಟ್ಟು ಎರಡು ಹಂತದ ಡಿಸಿಷನ್ ಟ್ರೀ (ಹೌದು-ಅಲ್ಲ ಪ್ರಶ್ನೆಗಳ ಸರಳ ಮಾಡೆಲ್) ಟ್ರೈನ್ ಮಾಡಿ ನೋಡಿ. ಅದಕ್ಕೇ ಅಂಕ ಚೆನ್ನಾಗಿ ಬಂದರೆ ನಿಮ್ಮ ದೊಡ್ಡ ಮಾಡೆಲ್ ಕಲಿತದ್ದೂ ಅದನ್ನೇ ಇರಬಹುದು. ಪೋರ್ಟ್ ಬೇಕೇ ಬೇಕೆಂದರೆ 1024ಕ್ಕಿಂತ ಕೆಳಗೆ, ನಡುವಿನದು, ತಾತ್ಕಾಲಿಕ ಎಂಬ ಮೂರು ಗುಂಪು ಸಾಕು. ಟಿಸಿಪಿಯ ಆರಂಭಿಕ ವಿಂಡೋ ಗಾತ್ರವೂ (ಒಮ್ಮೆಗೆ ಎಷ್ಟು ಬೈಟ್ ಸ್ವೀಕರಿಸಬಲ್ಲೆ ಎಂದು ಯಂತ್ರ ಹೇಳುವ ಸಂಖ್ಯೆ) ಇಂಥದೇ ಅಡ್ಡದಾರಿ. ಆ ಕಾಲದ ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 29200, ವಿಂಡೋಸ್‌ನಲ್ಲಿ 8192. ಮಾಡೆಲ್ ದಾಳಿ ಬಿಟ್ಟು ಕಾಲಿ ಲಿನಕ್ಸನ್ನು ಗುರುತಿಸಲು ಕಲಿಯುತ್ತದೆ. ಹೊರಗೆ ವಿಂಡೋಸ್‌ನಿಂದ ದಾಳಿ ಬಂದ ದಿನ ಕೈಕೊಡುತ್ತದೆ.

ಈ ಕಾಲಂಗಳು ಹೋದಮೇಲೆ ತದ್ರೂಪಿ ಸಾಲುಗಳನ್ನು ಎಣಿಸಿ. ಹಲ್ಕ್ ಮತ್ತು ಸ್ಕ್ಯಾನ್‌ನಲ್ಲಿ ಅವು ವಿಪರೀತ. ಟ್ರೈನಿಂಗ್ ಮತ್ತು ಟೆಸ್ಟ್ ಎರಡರಲ್ಲೂ ಇರುವ ತದ್ರೂಪಿಗಳನ್ನು ಟೆಸ್ಟ್‌ನಿಂದ ತೆಗೆಯಿರಿ. ಬೈಟ್, ಪ್ಯಾಕೆಟ್, ಅವಧಿಗಳ ಹರವು ಬಹಳ ದೊಡ್ಡದು, 1 ಕೂಡಿಸಿ ಲಾಗರಿದಮ್ ತೆಗೆದು ಆಮೇಲೆ ಸ್ಕೇಲ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಅಳತೆಗೆ ತನ್ನಿ. ಸ್ಕೇಲರ್ ಟ್ರೈನಿಂಗ್ ಭಾಗದ ಮೇಲೆ ಮಾತ್ರ ಫಿಟ್ ಆಗಬೇಕು.

ಹಂಚಿಕೆ ಸಮಯದ ಪ್ರಕಾರವೇ ಆಗಲಿ. ದಿನದ ಪ್ರಕಾರ ಹಂಚೋಣವೆಂದರೆ ಒಂದೊಂದು ದಾಳಿ ಒಂದೊಂದೇ ದಿನ ಇರುವುದರಿಂದ ಟೆಸ್ಟ್‌ನ ವರ್ಗ ಟ್ರೈನಿಂಗ್‌ನಲ್ಲಿ ಇರುವುದೇ ಇಲ್ಲ. ಡೇಟಾಸೆಟ್‌ನ ನಿಜವಾದ ಮಿತಿ ಇದು, ಎಷ್ಟು ತೊಳೆದರೂ ಹೋಗುವುದಿಲ್ಲ. ಹಲ್ಕ್‌ನ 17 ನಿಮಿಷದಲ್ಲಿ ಮೊದಲ 12 ಟ್ರೈನಿಂಗ್‌ಗೆ, ನಡುವಿನ 2 ನಿಮಿಷ ಖಾಲಿ, ಕೊನೆಯ 3 ಟೆಸ್ಟ್‌ಗೆ. ನಡುವಿನ ಅಂತರ ಸುಮ್ಮನಿದ್ದ ಫ್ಲೋ ಮುಚ್ಚುವ 120 ಸೆಕೆಂಡ್‌ನ ಟೈಮ್‌ಔಟ್‌ಗಿಂತ ಕಡಿಮೆ ಇರಬಾರದು, ಇಲ್ಲದಿದ್ದರೆ ಒಂದೇ ಸಂಪರ್ಕ ಎರಡೂ ಕಡೆ ಸೇರುತ್ತದೆ. ಸಂಪರ್ಕಗಳನ್ನು ಬಹಳ ಹೊತ್ತು ತೆರೆದಿಡುವ ಸ್ಲೋಲೋರಿಸ್‌ನಂಥ ನಿಧಾನ ದಾಳಿಗೆ ಇದು ಇನ್ನೂ ಮುಖ್ಯ.

ಅಂಕ ನೋಡುವಾಗ ಒಟ್ಟು ನಿಖರತೆಯನ್ನು ಬದಿಗಿಡಿ. ನಿರಪಾಯ ಸಾಲುಗಳಲ್ಲಿ ಶೇ 0.1ರಷ್ಟು ಮಾತ್ರ ತಪ್ಪಾಗಿ ದಾಳಿ ಎಂದರೂ ಈ ಐದು ದಿನಕ್ಕೆ 2,273 ತಪ್ಪು ಎಚ್ಚರಿಕೆ, ದಿನಕ್ಕೆ 450ರ ಮೇಲೆ. ಅದೂ ಹತ್ತಿಪ್ಪತ್ತು ಯಂತ್ರಗಳ ಸಣ್ಣ ಜಾಲದಲ್ಲಿ. ಸೋಮವಾರದ ಫೈಲನ್ನು ಟ್ರೈನಿಂಗ್‌ಗೆ ಸೇರಿಸದೆ ಪೂರ್ತಿ ತಪ್ಪು ಎಚ್ಚರಿಕೆ ಎಣಿಸಲೆಂದೇ ಇಟ್ಟುಕೊಂಡರೆ ಬಹಳ ಉಪಯೋಗ.

ಬದಲಿ ಏನಿದೆ

ಎನ್‌ಎಸ್‌ಎಲ್-ಕೆಡಿಡಿ 2009ರದು, 1999ರ ಕೆಡಿಡಿ ಕಪ್‌ನ ನಕಲು ಸಾಲು ತೆಗೆದು ಮಾಡಿದ್ದು. ಅದರೊಳಗಿನ ಟ್ರಾಫಿಕ್ 1998ರದು, 41 ಫೀಚರ್. ಅಲ್ಗಾರಿದಮ್ ಅಭ್ಯಾಸಕ್ಕೆ ಸರಿ, ಇಂದಿನ ನೆಟ್‌ವರ್ಕ್‌ಗೆ ಅಲ್ಲ. ಆಸ್ಟ್ರೇಲಿಯಾದ ಯುಎನ್‌ಎಸ್‌ಡಬ್ಲ್ಯು-ಎನ್‌ಬಿ15, 2015ರದು, 25,40,044 ಸಾಲು. ಪಿಕ್ಯಾಪ್ ಕೂಡ ಸಿಗುತ್ತದೆ, ಆದರೆ ದಾಳಿಯ ಟ್ರಾಫಿಕ್ ಯಂತ್ರದಿಂದ ಹುಟ್ಟಿಸಿದ್ದಾದ್ದರಿಂದ ಟಿಟಿಎಲ್ ಕಾಲಂ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದೆಂಬ ಎಣಿಕೆ) ಒಂದರಿಂದಲೇ ಉತ್ತರ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ. ಪಿಕ್ಯಾಪ್ ಹಾಗೂ ಗಂಟೆ-ನಿಮಿಷದ ದಾಳಿಪಟ್ಟಿ ಎರಡನ್ನೂ ಒಟ್ಟಿಗೆ ಕೊಡುವ ವಿಷಯದಲ್ಲಿ ಸಿಐಸಿ-ಐಡಿಎಸ್ 2017 ಇವತ್ತಿಗೂ ಕಲಿಯುವವರಿಗೆ ಅನುಕೂಲ. ನಾಲ್ಕು ಅಂಕ ಅದಕ್ಕೇ.

ಮಾಡೆಲನ್ನು ನಿಜವಾದ ಜಾಲದಲ್ಲಿ ಓಡಿಸುವ ಉದ್ದೇಶ ಇದ್ದರೆ ಒಂದು ಮಾತು. ಟ್ರೈನಿಂಗ್‌ಗೆ ಬಳಸಿದ ಟೂಲ್, ಅದೇ ಆವೃತ್ತಿ, ಅದೇ ಟೈಮ್‌ಔಟ್ ಅಲ್ಲೂ ಇರಬೇಕು, ಇವನ್ನು ಡೇಟಾ ಫೈಲ್ ಜೊತೆಗೇ ಬರೆದಿಡಿ. ಫ್ಲೋ ಮುಗಿದಮೇಲೆ ಬರುವ ಸರಾಸರಿಗಳಿಂದ ದಾಳಿ ಮುಗಿದಮೇಲಷ್ಟೇ ಎಚ್ಚರಿಕೆ ಬರುತ್ತದೆ. ಬೇಗ ಬೇಕೆಂದರೆ ಎನ್‌ಎಫ್‌ಸ್ಟ್ರೀಮ್‌ನ ಎಸ್‌ಪಿಎಲ್‌ಟಿ ಆಪ್ಷನ್ ಮೊದಲ ಇಂತಿಷ್ಟು ಪ್ಯಾಕೆಟ್‌ಗಳ ದಿಕ್ಕು, ಗಾತ್ರ, ಅಂತರ ಕೊಡುತ್ತದೆ. ಪ್ಯಾಕೆಟ್ ಸಾಲದ ಕಡೆ ಮೈನಸ್ 1 ತುಂಬಿರುತ್ತದೆ, ಅದನ್ನು ಗಾತ್ರವೆಂದು ತಿಳಿದು ಸ್ಕೇಲ್ ಮಾಡದೆ ಮಾಸ್ಕ್ ಮಾಡಿ, ಅಂದರೆ ಲೆಕ್ಕದಿಂದ ಹೊರಗಿಡಿ. ಸರ್ವರ್ ಮೇಲೆಯೇ ಟ್ರಾಫಿಕ್ ಹಿಡಿಯುವುದಾದರೆ ಲಿನಕ್ಸ್‌ನ ಈಥ್‌ಟೂಲ್ ಕಮಾಂಡ್‌ನಿಂದ, ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿ ನಿಭಾಯಿಸುವ ಜಿಆರ್‌ಒ, ಎಲ್‌ಆರ್‌ಒ, ಟಿಎಸ್‌ಒ ಎಂಬ ಮೂರು ಸೌಲಭ್ಯಗಳನ್ನೂ ಆಫ್ ಮಾಡಿ. ಇಲ್ಲದಿದ್ದರೆ ಹಲವು ಪ್ಯಾಕೆಟ್ ಬೆಸೆದು 1500 ಬೈಟ್‌ನ ಮಿತಿ ದಾಟಿದ ದೈತ್ಯ ಪ್ಯಾಕೆಟ್‌ಗಳು ಬರುತ್ತವೆ, ಟ್ರೈನಿಂಗ್‌ನಲ್ಲಿ ಒಮ್ಮೆಯೂ ಕಾಣದ ಗಾತ್ರ ನೋಡಿ ಮಾಡೆಲ್ ಸಾಮಾನ್ಯ ಫೈಲ್ ಡೌನ್‌ಲೋಡನ್ನೂ ದಾಳಿ ಎನ್ನುತ್ತದೆ.